ತಲೆ ನಿನ್ನಲ್ಲಿ, ಕಾಲು ನನ್ನಲ್ಲಿ

ಮಂಗಳವಾರ, ಬೆಳಗ್ಗೆ

ಮುನಿಸಿಕೊಂಡು ಹೋದ ನನ್ನ ಗಂಡನಿಗೆ,

ನೀನು ಕ್ಷೇಮವೆಂದು ನಿನ್ನ ಅಕ್ಕ ಫೋನಿನಲ್ಲಿ ಹೇಳಿದರು. ಅವರ ಮನೆಯ ಸೋಫಾದ ಮೇಲೆ ಕಾಲು ಮಡಚಿ ಮಲಗುತ್ತೀಯಂತೆ, ಪಕ್ಕದಲ್ಲಿ ಟವೆಲು ಸುತ್ತಿದ ಗೊಂಬೆಯ ತಲೆ. ನೋಡಿದವರು ಏನಂದುಕೊಳ್ಳಬೇಕು? ಇಲ್ಲಿ ಅದರ ಮುಂಡ ಗೋಡೆಯ ಮೊಳೆಗೆ ನೇತಾಡುತ್ತಿದೆ. ಶನಿವಾರ ಪ್ರದರ್ಶನ. ತಲೆಯಿಲ್ಲದ ವೀರನನ್ನು ಕುಣಿಸುವ ವಿದ್ಯೆ ನನಗೆ ಗೊತ್ತಿಲ್ಲ.

ಜಗಳ ಯಾವುದಕ್ಕೆಂದು ಹೇಳಲೂ ನಾಚಿಕೆ. ಯಾವುದೋ ಕಾಲದ ಮಹಾಕಾವ್ಯದ ಇಬ್ಬರಲ್ಲಿ ಯಾರು ದೊಡ್ಡವರು ಅಂತ! ನಿನಗೆ ಕೆಂಪಂಗಿಯವನೇ ಸರ್ವಸ್ವ. ಒಬ್ಬನೇ ಕೋಟೆಯ ಬಾಗಿಲಲ್ಲಿ ನಿಂತ, ಇಟ್ಟ ಹೆಜ್ಜೆ ಹಿಂದೆ ತೆಗೆಯಲಿಲ್ಲ. ಒಪ್ಪುತ್ತೇನೆ, ಅವನು ಸಾಯುವಾಗಿನ ನಿನ್ನ ದನಿಗೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನನ್ನವನು ನೀಲಿಯಂಗಿಯವನು. ಗೆಲುವು ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ, ಹಿಂದೆ ಬಿದ್ದ ಗೆಳೆಯನಿಗಾಗಿ ರಥ ಇಳಿದು ವಾಪಸು ನಡೆದ. ಎರಡೂ ಸೈನ್ಯ ನಕ್ಕವು. ನಗಲಿ ಬಿಡು ಅಂದ. ಧೈರ್ಯ ಇಬ್ಬರಿಗೂ ಇತ್ತು ಮಾರಾಯ. ಆದರೆ ಕೆಂಪಂಗಿಯವನು ಜನ ಏನಂದಾರು ಅನ್ನುವುದೊಂದಕ್ಕೆ ಹೆದರಿದ, ನನ್ನವನು ಅದಕ್ಕೂ ಹೆದರಲಿಲ್ಲ. ನನ್ನ ಲೆಕ್ಕದಲ್ಲಿ ಅವನು ಒಂದು ಕೈ ಮೇಲೆ.

ನೀನು ಮುನಿಸಿಕೊಂಡ ದಿನ ಆಟದಲ್ಲಿ ನಡೆದದ್ದನ್ನೂ ಹೇಳಿಬಿಡುತ್ತೇನೆ. ನಮ್ಮ ಕೆಂಪಂಗಿಯ ಗೊಂಬೆಗೆ ಇಬ್ಬರು ಬೇಕು. ತಲೆ, ದನಿ ನಿನ್ನದು, ಕಾಲು ನನ್ನದು. ಬೇರೆ ಸನ್ನೆಯಿಲ್ಲ, ನೀನು ಉಸಿರೆಳೆದರೆ ನಾನು ಹೆಜ್ಜೆ ಎತ್ತಬೇಕು. ಕೆಂಪಂಗಿಯವನ ತಮ್ಮ ಬಿದ್ದು ಕೂಗುವ ಜಾಗ ಬಂತು. ಅಣ್ಣ ತಿರುಗಿ ನೋಡದೆ ಮುಂದೆ ಹೋಗಬೇಕು. ಅಲ್ಲಿ ನಿನ್ನ ಉಸಿರು ತಡವರಿಸಿತು. ನಾನು ಕಾಲು ಹಿಂದಕ್ಕೆ ತಿರುಗಿಸಿದೆ, ನೀನು ತಲೆಯನ್ನು ಮುಂದಕ್ಕೇ ಹಿಡಿದೆ. ಮುಖ ಒಂದು ಕಡೆ, ಪಾದ ಇನ್ನೊಂದು ಕಡೆ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರೆದುರು ನನ್ ಮರ್ಯಾದೆ ತೆಗೆದ್ಬಿಟ್ಟೆ ಕಣೇ ಅಂದವನೇ, ತಲೆ ಬಿಚ್ಚಿಕೊಂಡು ನಡೆದುಬಿಟ್ಟೆ.

ನಾನು ಕ್ಷಮೆ ಕೇಳುವುದಿಲ್ಲ. ಹಿಂದಕ್ಕೆ ತಿರುಗಬೇಕೆಂದು ಹೇಳಿದ್ದು ನಿನ್ನ ಉಸಿರೇ. ಇಷ್ಟು ವರ್ಷ ಅದನ್ನೇ ನಂಬಿ ಹೆಜ್ಜೆಯಿಟ್ಟವಳು ನಾನು, ಅದು ಒಮ್ಮೆಯೂ ನನಗೆ ಸುಳ್ಳು ಹೇಳಿಲ್ಲ.

ನಿನ್ನ ಅಕ್ಕ ಇನ್ನೊಂದು ಮಾತೂ ಹೇಳಿದರು. ದಿನಾ ಸಂಜೆ ಚಪ್ಪಲಿ ಮೆಟ್ಕೊಂಡು ಬಾಗಿಲ ತನಕ ಹೋಗ್ತಾನೆ, ಕಾಲು ನೋಯ್ತಿದೆ ಅಂತ ವಾಪಸ್ ಬಂದು ಕೂತ್ಕೊಳ್ತಾನೆ ಅಂತ. ನಿನ್ನ ಕಾಲು ಎಲ್ಲಿ ನೋಯುತ್ತದೆಂದು ನನಗೆ ಗೊತ್ತು. ಮೂಗಿನ ತುದಿಯಲ್ಲಿ, ಸಿಟ್ಟು ಕೂತಿರುವ ಜಾಗದಲ್ಲೇ.

ಶನಿವಾರದ ಆಟಕ್ಕೆ ಬೇರೆ ಯಾರನ್ನಾದರೂ ಹುಡುಕಿಯೇನು. ಮನೆಗೆ ಮಾತ್ರ ನೀನೇ ಬೇಕು. ನೀನಿಲ್ಲದೆ ನನಗೆ ಬೇಜಾರಾಗಿದೆ, ಬಹಳ.

ಇಂತಿ,
ನಿನ್ನ ವೀರನ ಕಾಲು ಕುಣಿಸುವವಳು

ತಾ.ಕ.: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೋಡಿದೆಯಾ? ನಿನ್ನ ಅಕ್ಕನ ಕೈಗೆ ಕೊಟ್ಟವಳು ನಾನೇ. ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದೇನೆ, ಮಡಿಲಲ್ಲಿ ಮುಂಡ ಇಟ್ಟುಕೊಂಡು. ಹೋಗಿ ಬರುವವರೆಲ್ಲ ನಗುತ್ತಿದ್ದಾರೆ. ನಗಲಿ ಬಿಡು. ಇಳಿದು ಬರುವಾಗ ತಲೆ ಮರೆಯಬೇಡ.