ನಾಲ್ಕನೆಯ ಪ್ರಶ್ನೆಗೆ ನಿನ್ನ ಉತ್ತರ

ಆಸ್ಪತ್ರೆಯ ಲೈಬ್ರರಿ
ಸೋಮವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ.

ಮೊನ್ನೆ ಫೋನ್ ಮಾಡಿ, ಗೆಳೆಯನೊಬ್ಬನಿಗೆ ಕೈ ನಡುಗುತ್ತಂತೆ, ಈ ಮಾತ್ರೆ ಕೆಲಸ ಮಾಡುತ್ತಾ ಹುಡುಕಿಕೊಡು ಅಂದೆಯಲ್ಲ, ಹುಡುಕಿದೆ. ಇಂಥ ಕೆಲಸ ಸಿಕ್ಕರೆ ನನಗೆ ಊಟವೂ ಬೇಡ, ನಿನಗೇ ಗೊತ್ತು. ಲೇಖನ ಹುಡುಕಿಕೊಡು ಅಂತ ಬರುವ ಇಲ್ಲಿನ ಡಾಕ್ಟರುಗಳನ್ನು ನಾನು ಕೇಳುವ ನಾಲ್ಕು ಪ್ರಶ್ನೆಗಳನ್ನೇ ನಿನ್ನನ್ನೂ ಕೇಳಿದ್ದೆ: ಯಾರಿಗೆ, ಯಾವ ಔಷಧಿ, ಯಾವುದಕ್ಕೆ ಹೋಲಿಸಿ, ಏನಾದರೆ ಗುಣವಾಯಿತು ಅನ್ನಬೇಕು?

ಮೊದಲು ಸಿಕ್ಕ ಲೇಖನ ಓದಿ ಕುಣಿದಾಡಿಬಿಟ್ಟೆ. ಮಾತ್ರೆ ತೆಗೆದುಕೊಂಡವರೆಲ್ಲ ಸುಧಾರಿಸಿದ್ದರು. ಆಮೇಲೆ ನೋಡಿದರೆ, ಹೋಲಿಸಿ ನೋಡಲು ಮಾತ್ರೆ ತೆಗೆದುಕೊಳ್ಳದವರೇ ಇರಲಿಲ್ಲ! ಒಬ್ಬನೇ ಓಡಿ ಮೊದಲ ಬಹುಮಾನ ಗೆದ್ದ ಹಾಗೆ. ಎರಡನೆಯದರಲ್ಲಿ ಅರ್ಧಕ್ಕರ್ಧ ಜನ ಮಧ್ಯದಲ್ಲೇ ಕೈಕೊಟ್ಟಿದ್ದರು. ಯಾಕೆ ಬಿಟ್ಟುಹೋದರು ಅಂತ ಬರೆದವರು ಬಾಯಿಯೇ ಬಿಟ್ಟಿಲ್ಲ. ಮೂರನೆಯದು ಪರವಾಗಿಲ್ಲ ಕಣೋ. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಬರೀ ಹಿಟ್ಟಿನ ಗುಳಿಗೆ ಎಂಬುದು ಕೊಟ್ಟವರಿಗೂ ಗೊತ್ತಿರಲಿಲ್ಲ. ಕೆಲವರಿಗೆ ನಡುಕ ಇಳಿದಿದೆ, ಕೆಲವರಿಗೆ ಸುಸ್ತು ಮಾತ್ರ ಸಿಕ್ಕಿದೆ. ಆದರೆ ಅವರು ಪರೀಕ್ಷಿಸಿದ್ದು ಲೋಟದ ನೀರನ್ನು ಚೆಲ್ಲದೆ ಕುಡಿಯುತ್ತಾರಾ ಎಂಬುದನ್ನು.

ಈಗ ಬೈಗುಳ. ಏನಾದರೆ ಗುಣ ಅಂತ ಕೇಳಿದಾಗ ನೀನು ಏನಂದೆ? ಪಕ್ಕದಲ್ಲಿ ನಿಂತಿರೋ ನರ್ಸಿಗೆ ಗೊತ್ತಾಗ್ಬಾರ್ದು, ಅಷ್ಟೇ ಸಾಕು ಅಂದೆ. ಅದನ್ನು ಅಳೆದವರು ಯಾವ ಲೇಖನದಲ್ಲೂ ಸಿಗಲಿಲ್ಲ. ಅಲ್ಲವೋ, ಯಾವ ಗೆಳೆಯನ ಪಕ್ಕದಲ್ಲಿ ನರ್ಸ್ ನಿಂತಿರುತ್ತಾಳೆ? ಹಲ್ಲಿನ ಡಾಕ್ಟರು ನೀನೇ ತಾನೆ?

ನನಗೆ ಹೆದರಿಕೆಯಾಗಿದೆ. ನಿನ್ನ ಮುಂದೆ ಬಾಯಿ ತೆರೆದು ಮಲಗಿದವರು ನಿನ್ನ ಕೈಯನ್ನೇ ನಂಬಿರುತ್ತಾರೆ. ಕೊರೆಯುವ ಮೆಷಿನ್ನು ಒಂದು ಸಲ ಜಾರಿದರೆ ಅವರ ಗತಿಯೇನು, ನಿನ್ನ ಗತಿಯೇನು? ಕೈ ನಡುಗುವುದಕ್ಕೆ ಹತ್ತಾರು ಕಾರಣ ಇರುತ್ತವೆ. ನಿನ್ನದು ಯಾವುದು ಅಂತ ನಾನು ಓದಿದ ಲೇಖನಗಳಿಗೆ ಹೇಗೆ ಗೊತ್ತಾಗಬೇಕು? ನರರೋಗದ ಡಾಕ್ಟರು ನೋಡುವ ತನಕ ಮೆಷಿನ್ನು ಮುಟ್ಟಬೇಡ. ಮಾತ್ರೆಯನ್ನೂ ನಿನಗೆ ನೀನೇ ಬರೆದುಕೊಳ್ಳಬೇಡ. ಕೋಪ ಬಂದರೆ ಬರಲಿ, ಎರಡು ದಿನ ಮಾತು ಬಿಡು, ಆದರೆ ಇಷ್ಟು ಕೇಳು.

ನಿನ್ನ
ಅಕ್ಕ

ತಾ.ಕ.: ತಮ್ಮನಿಗೂ ಟೈಪ್ ಮಾಡಿದ ಪತ್ರವಾ, ಏನು ಧಿಮಾಕು ಅಂದುಕೊಂಡಿರುತ್ತೀಯ. ಮೇಲೆ ಸಹಿಯ ಜಾಗದಲ್ಲಿ 'ಅಕ್ಕ' ಅಂತ ಇದೆಯಲ್ಲ, ಅದೊಂದನ್ನು ಮಾತ್ರ ಪೆನ್ನಿನಲ್ಲಿ ಬರೆದಿದ್ದೇನೆ, ಸರಿಯಾಗಿ ನೋಡು. ಹಾಳೆ ಮೇಲೆ ಹಾಳೆ ಕೆಡಿಸಿದ ಮೇಲೆ ಅಷ್ಟಾದರೂ ಬಂತು. ನಿಮ್ಮ ಭಾವನಿಗೂ ಹೇಳಿಲ್ಲ. ಗುರುವಾರಕ್ಕೆ ನರರೋಗದ ಡಾಕ್ಟರ ಹತ್ತಿರ ನಮ್ಮಿಬ್ಬರ ಹೆಸರೂ ಬರೆಸಿದ್ದೇನೆ. ಮೊದಲು ನೀನು ಒಳಗೆ ಹೋಗು, ನನಗೆ ಭಯ.