ಡಬ್ಬಿಯ ಮೇಲಿನ ಹೆಸರು

ಹುಬ್ಬಳ್ಳಿ

ಅವ್ವನಿಗೆ ನಮಸ್ಕಾರ.

ಬಟ್ಟೆ ಅಂಗಡಿಯ ಕೆಲಸ ಕೈಗೆ ಹತ್ತಿದೆ. ಫೋನಿನಲ್ಲಿ ಮಾತಾಡಿದರೆ ಗೋಡೆಯಾಚೆ ಕೇಳುತ್ತದೆ, ಅದಕ್ಕೇ ಖಾಲಿ ಬುತ್ತಿ ಡಬ್ಬಿಯಲ್ಲಿ ಈ ಚೀಟಿ ಇಟ್ಟು ಊರಿನ ಬಸ್ಸಿಗೆ ಕೊಟ್ಟಿದ್ದೇನೆ.

ಮನೆತನದ ಅಡ್ಡಹೆಸರು ಕೇಳಿದವರು ಯಾರೂ ಖೋಲಿ ಕೊಡಲಿಲ್ಲ. ಈ ಮನೆಯ ಮಾಲಕಿ ಕೇಳಲೇ ಇಲ್ಲ. ಮುರಗೋಡ ಎಂದೊಡನೆ, "ಮಠದ ಊರಿನಾಕಿ, ನಮ್ಮ ಮಂದೀನ ಬಿಡು" ಎಂದರು. ನಾನು ಮುಂಗಡ ಎಣಿಸಿ ಕೊಟ್ಟು ಕೀಲಿ ಇಸಿದುಕೊಂಡೆ.

ನಿನ್ನೆ ಬುತ್ತಿ ಬಿಚ್ಚುವಾಗ ಬಂದು ಎದುರಿಗೇ ಕುಳಿತರು. "ನಿಮ್ಮವ್ವನ ಕೈರುಚಿ ಭಾಳ ಛಲೋ ಐತಿ, ಇನ್ನೊಂದು ರೊಟ್ಟಿ ಹಾಕು" ಎಂದು ಉಂಡರು. ಡಬ್ಬಿಯ ಮೇಲೆ "ಶಂಕ್ರೆಪ್ಪ ಮಾದರ" ಎಂದು ಕೆತ್ತಿದೆಯಲ್ಲ. ಅವರು ಏಳುವವರೆಗೂ ಅಪ್ಪನ ಹೆಸರನ್ನು ಅಂಗೈಯಿಂದ ಮುಚ್ಚಿಕೊಂಡು ಕುಳಿತಿದ್ದೆ.

ಮುಂದಿನ ಸಲ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ ಕಳಿಸು. ಅಪ್ಪ ಕೇಳಿದರೆ, ಡಬ್ಬಿಯ ಮುಚ್ಚಳ ಸಡಿಲಾಗಿದೆ ಎಂದಷ್ಟೇ ಹೇಳು.

ನಿನ್ನ
ಪೂನಮ್