ಮೂರು ಪೆಡಲಿನ ಕಾರು

ಭಾನುವಾರ, ಮಾರ್ಚ್ ೯
ಬೆಳಗಿನ ಕಾಫಿ ಆದಮೇಲೆ

ಫೋನನ್ನು ಪಟ್ಟನೆ ಇಟ್ಟ ನನ್ನ ಅಕ್ಕನಿಗೆ,

ಅಷ್ಟೇ ಸಿಟ್ಟಿರುವ, ಪ್ರೀತಿ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದ ತಂಗಿಯ ನಮಸ್ಕಾರ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀನು ಚೆನ್ನಾಗಿಲ್ಲ ಎಂಬುದು ನಿನ್ನ ದನಿಯಲ್ಲೇ ಗೊತ್ತಾಯಿತು.

"ತಲೆ ಕೆಟ್ಟಿದ್ಯೇನೇ ನಿಂಗೆ? ಕೇಳಿದ್ರಾ ಇಲ್ಲಿ, ಈ ವಯಸ್ಸಲ್ಲಿ, ಆ ಕಾಲಿಟ್ಕೊಂಡು, ರೇಸ್ ಕಾರು ತಗೋತಾಳಂತೆ!" ಎಂದೆ ನೀನು. ನನ್ನೊಡನೆ ಮಾತು ಶುರುಮಾಡಿದವಳು ಅರ್ಧದಲ್ಲೇ ನನ್ನನ್ನು ಬಿಟ್ಟು ಭಾವನಿಗೆ ದೂರು ಕೊಟ್ಟೆ. ಆಮೇಲೆ ಫೋನಿಟ್ಟೆ. ಮೂರು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೇ ಈ ಕಾಗದ. ಕಾಗದದ ಬಾಯಿ ಮುಚ್ಚಿಸುವುದು ಕಷ್ಟ. ನೀನು ಹರಿದು ಹಾಕಿದರೂ ಒಮ್ಮೆ ಪೂರ್ತಿ ಓದಿಯೇ ಹರಿಯುವವಳು.

ಮೊದಲೇ ಹೇಳಿಬಿಡುತ್ತೇನೆ, ಇದು ಅಪ್ಪಣೆ ಕೇಳುವ ಕಾಗದವಲ್ಲ. ಕಾರು ಕೊಂಡಾಯಿತು. ನೀಲಿ ಬಣ್ಣದ್ದು. ಎಂಜಿನ್ನಿಗೆ ಹೆಚ್ಚಿನ ಕಸುವು ಕೊಡುವ ಟರ್ಬೊ ಇದೆ. ಕ್ಲಚ್ ಕೂಡ ಇದೆ. ಹೌದು, ಎಡಗಾಲಿನಿಂದ ಒತ್ತುವ ಕ್ಲಚ್ಚೇ.

ನಾನು ಓಡಿಸಲು ಕಲಿತದ್ದೇ ನಿನಗೆ ಗೊತ್ತಿಲ್ಲ. ಕಳೆದ ವರ್ಷವೇ ಲೈಸೆನ್ಸ್ ಬಂತು. ಪರೀಕ್ಷೆ ಮಾಡಿದ ಅಧಿಕಾರಿ ಹೆಂಗಸು, ಮುಖದಲ್ಲಿ ನಗು ಎಂಬುದೇ ಇಲ್ಲ. ನನ್ನ ಕಾಲನ್ನು ನೋಡಿದರು. ಉಳಿದವರನ್ನೆಲ್ಲ ಮೈದಾನದಲ್ಲಿ ಎರಡು ಸುತ್ತು ಹಾಕಿಸಿ ಕಳಿಸಿದವರು ನನ್ನನ್ನು ಮಾತ್ರ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಒಂದು ಗೇಣೂ ಜಾರದಂತೆ ಮುಂದೆ ಹೋಗಲು ಹೇಳಿದರು. ಮತ್ತೆ ಇನ್ನೊಮ್ಮೆ. ಮತ್ತೂ ಒಮ್ಮೆ. ನಾನು ಹಲ್ಲು ಕಚ್ಚಿಕೊಂಡು ಮಾಡಿದೆ. ಕೊನೆಗೆ ಸಹಿ ಹಾಕುತ್ತ, "ನಾನು ಕರುಣೆಗೆ ಪಾಸ್ ಮಾಡಿದೆ ಅಂತ ಯಾರೂ ನಿಮ್ಗೆ ಅನ್ನಬಾರ್ದು, ಅದಕ್ಕೆ" ಎಂದರು. ಆ ಮಾತನ್ನು ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಿದ್ದೇನೆ.

ಅಂದಿನಿಂದ ನಮ್ಮ ಲ್ಯಾಬಿನ ವ್ಯಾನನ್ನು ನಾನೇ ಓಡಿಸುತ್ತೇನೆ. ಮಾಡಿದ ಹಲ್ಲಿನ ಸೆಟ್ಟುಗಳನ್ನು ಕ್ಲಿನಿಕ್ಕುಗಳಿಗೆ ಕೊಟ್ಟು ಬರುವುದು. ಕಟ್ಟಿಸಿದ ಹಲ್ಲು ಮಾಡುವವಳು ಕಟ್ಟಿಸಿದ ಕಾಲಿನಲ್ಲಿ ಕ್ಲಚ್ ಒತ್ತುತ್ತಾಳೆ ಎಂದು ಇವರು ತಮಾಷೆ ಮಾಡುತ್ತಾರೆ. ತಮಾಷೆಯಿರಲಿ, ಆ ಕಾಲಿನ ಪಾದಕ್ಕೆ ಏನೂ ತಿಳಿಯುವುದಿಲ್ಲ. ಕ್ಲಚ್ ಎಲ್ಲಿ ಹಿಡಿಯುತ್ತಿದೆ ಎಂದು ನನಗೆ ಮಂಡಿ ಹೇಳಬೇಕು, ತೊಡೆ ಹೇಳಬೇಕು, ಸೀಟಿನ ನಡುಕ ಹೇಳಬೇಕು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಕಚ್ಚುವಾಗ ಇಡೀ ದವಡೆಗೆ ಗೊತ್ತಾಗುತ್ತದಲ್ಲ, ಹಾಗೆಯೇ ಇದೂ. ಕಲಿತೆ.

ಆದರೆ ಆ ವ್ಯಾನು! ಎಮ್ಮೆ ಕೆಸರಿನಿಂದ ಎದ್ದು ಬಂದಂತೆ. ಒಂದು ಮಧ್ಯಾಹ್ನ ಹೆದ್ದಾರಿಗೆ ಸೇರಿಕೊಳ್ಳುವಾಗ ಹಿಂದೆ ಲಾರಿ ಬಂತು. ನಾನು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ವ್ಯಾನು ತನ್ನ ಪಾಡಿಗೆ ಗೊಣಗುತ್ತ ನಡೆಯಿತು. ಲಾರಿಯವನು ಹಾರ್ನ್ ಒತ್ತಿಯೇ ಇದ್ದ. ಕನ್ನಡಿ ತುಂಬ ಅವನ ಗಾಡಿಯ ಮುಖವೇ. ಕೊನೆಗೆ ಅವನೇ ಪಕ್ಕಕ್ಕೆ ಸರಿದು ಹೋದ. ನಾನು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಇನ್ನು ಮುಂದೆ ಯಾವ ಲಾರಿಯೂ ದಯೆ ತೋರಿಸಿ ನನ್ನನ್ನು ಉಳಿಸುವುದು ಬೇಡ, ತಪ್ಪಿಸಿಕೊಂಡು ಹೋಗುವ ಶಕ್ತಿ ನನ್ನ ಕಾಲ ಕೆಳಗೇ ಇರಬೇಕು ಎಂದುಕೊಂಡೆ.

ಇದು ನಾನು ಎಲ್ಲರಿಗೂ ಹೇಳುವ ಕಾರಣ. ಸುಳ್ಳಲ್ಲ. ಆದರೆ ನಿನಗೆ ಪೂರ್ತಿ ನಿಜ ಹೇಳಬೇಕು. ನನಗೆ ಆಸೆಯಾಗಿದೆ, ಅಕ್ಕ. ವೇಗವಾಗಿ ಹೋಗುವ ಆಸೆ. ನಲವತ್ತೇಳನೇ ವಯಸ್ಸಿನಲ್ಲಿ ಇದಕ್ಕಿಂತ ಬೇರೆ ಕಾರಣ ಹುಡುಕಿ ತಂದು ಯಾರ ಮುಂದೆಯೂ ಇಡಲಾರೆ.

ನಮ್ಮಂಥವರ ಕೈಗೆ ಎಟುಕುವ, ಆದರೂ ಒತ್ತಿದರೆ ಹಾರುವ ಕಾರುಗಳು ಮೂರೇ ಸಿಕ್ಕವು. ಮೂರನ್ನೂ ಓಡಿಸಿ ನೋಡದೆ ಕೊಳ್ಳುವುದಿಲ್ಲ ಎಂದು ಹಟ ಹಿಡಿದೆ. ಇವರು ಪಾಪ, ತಮ್ಮ ಕನ್ನಡಕದ ಅಂಗಡಿಗೆ ಬಾಗಿಲು ಹಾಕಿ ಜೊತೆಗೆ ಬಂದರು.

ಮೊದಲನೆಯದು ಬೂದು ಬಣ್ಣದ್ದು. ಶೋರೂಮಿನವನು ನನ್ನ ನಡಿಗೆ ನೋಡಿದ. ನೋಡಿದವನೇ ಆ ಕಾರನ್ನು ದಾಟಿಸಿ, ಮೂಲೆಯಲ್ಲಿದ್ದ ಎತ್ತರದ ಸೀಟಿನ ಪುಟ್ಟ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಇವರಿಗೆ ಹೇಳಿದ: "ಮೇಡಂಗೆ ಇದು ಹೇಳಿ ಮಾಡ್ಸಿದ ಹಾಗಿದೆ ಸಾರ್. ಹತ್ತೋದು ಇಳಿಯೋದು ಸುಲಭ. ಗೇರೇ ಇಲ್ಲ."

ಇವರು ಕನ್ನಡಕ ಒರೆಸಿಕೊಂಡು, "ನಂಗೆ ಸೈಕಲ್ ಬಿಟ್ರೆ ಏನೂ ಓಡ್ಸಕ್ಕೆ ಬರಲ್ಲಪ್ಪ. ಗಿರಾಕಿ ಅವರು. ಅವರನ್ನ ಕೇಳು" ಎಂದರು.

ನಾನು ಬೂದು ಕಾರಿನ ಬಾಗಿಲು ತೆಗೆದು ಕೂತೇಬಿಟ್ಟೆ. ಅದೂ ಆಟೋಮ್ಯಾಟಿಕ್ಕೇ, ಆದರೆ ಚಿರತೆ. ಪಾದ ಸೋಕಿಸಿದರೆ ಸಾಕು, ಬೆನ್ನು ಸೀಟಿಗೆ ಅಂಟುತ್ತಿತ್ತು. ಗೇರು ಯಾವಾಗ ಬದಲಾಯಿತೆಂದೇ ತಿಳಿಯದು. ಒಂದು ತಪ್ಪು ಹುಡುಕಲು ಆಗಲಿಲ್ಲ. ಆದರೂ ಇಳಿಯುವಾಗ, ಯಾರೋ ಒಳ್ಳೆಯ ಅಡುಗೆ ಮಾಡಿ ತಿನ್ನಿಸಿ ಕೈಯನ್ನೂ ತೊಳೆಸಿ ಕಳಿಸಿದ ಹಾಗಿತ್ತು. ನನಗೆ ಒಲೆ ಬೇಕಿತ್ತು. ಎಲ್ಲರೂ ನನ್ನ ಪಾಲಿನ ಕೆಲಸ ತಾವೇ ಮಾಡಿ ಮುಗಿಸುವುದು ನನಗೆ ಸಾಕಾಗಿದೆ. ಇನ್ನು ಕಾರೂ ಅದನ್ನೇ ಮಾಡಬೇಕೆ?

ಎರಡನೆಯದು ಕೆಂಪು. ಅದರ ಎಂಜಿನ್ನಿನ ಸದ್ದಿಗೇ ನಾನು ಸೋತೆ. ನಾನು ಕೂತ ಮೂರರಲ್ಲಿ ಎಲ್ಲಕ್ಕಿಂತ ಜೋರಿನದು ಅದೇ. ಆದರೆ ಕ್ಲಚ್ಚು ಮಹಾ ಬಿಗಿ. ಮೊದಲ ಸಿಗ್ನಲ್ಲಿನಲ್ಲೇ ನನ್ನ ಪಾದ ಪೆಡಲಿಗೂ ಪಕ್ಕದ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಕೈ ಹಾಕಿ ಎಳೆದು ಬಿಡಿಸಿಕೊಂಡೆ. ಗಾಡಿ ಬಂದ್ ಬಿತ್ತು. ಹಿಂದಿನವರೆಲ್ಲ ಹಾರ್ನ್ ಹಾರ್ನ್. ಶೋರೂಮಿನವನು ಮೆಲ್ಲಗೆ, "ಮೇಡಂ, ನಾನು ತಗೊಳ್ಳಾ?" ಎಂದ. "ಬೇಡ" ಎಂದೆ. ಅವನಿಗಲ್ಲ, ನಿನಗೆ ಹೇಳಿದ ಹಾಗಿತ್ತು. ಅವತ್ತು ಸೋತು ಬಂದೆ. ಮಂಡಿಯ ಕೆಳಗೆ ಕಟ್ಟಿಸಿದ ಕಾಲು ಸೇರುವ ಕಡೆ ಮಾಂಸವೆಲ್ಲ ಕೆಂಡವಾಗಿತ್ತು. ಮುಂದಿನ ವಾರ ಮತ್ತೆ ಹೋದೆ. ಅದರ ಮುಂದಿನ ವಾರವೂ ಹೋದೆ. ಕಂಡ ತಕ್ಷಣ ಅವನು ಕೀಲಿಯನ್ನು ತಾನೇ ತಂದು ಕೊಡುವಷ್ಟಾಯಿತು. ಆದರೂ ಅದನ್ನು ಬಿಟ್ಟೆ. ಕ್ಲಚ್ ಭಾರ, ಅಷ್ಟೆ.

ಮೂರನೆಯದು ನೀಲಿ. ಅದರ ಶಕ್ತಿ ಕೆಂಪಿನಷ್ಟಿಲ್ಲ, ಆದರೆ ಮೈ ಹಗುರ. ಗೇರಿನ ಕೋಲು ಗಿಡ್ಡ, ಮಣಿಕಟ್ಟು ತಿರುಗಿಸಿದರೆ ಬೀಳುತ್ತದೆ. ಕ್ಲಚ್ಚು ಮಾತ್ರ ಒಳ್ಳೆಯ ಗೆಳತಿಯ ಹಾಗೆ, "ಇಗೋ, ಇಲ್ಲಿ" ಎಂದು ಸ್ಪಷ್ಟವಾಗಿ ಹೇಳುತ್ತದೆ. ಎರಡನೇ ಗೇರಿನಲ್ಲಿ ತಿರುವಿಗೆ ಇಳಿಸಿ, ಹೊರಬರುವಾಗ ಒತ್ತಿದೆ ನೋಡು, ಟರ್ಬೊ ಸಿಳ್ಳೆ ಹಾಕಿ ಎಳೆಯಿತು. ನನ್ನ ಬಾಯಿಂದ ಒಂದು ಕೂಗು ಹೊರಬಿತ್ತು. ಹಿಂದೆ ಕೂತಿದ್ದ ಇವರು ಮೇಲಿನ ಹಿಡಿ ಹಿಡಿದುಕೊಂಡು, "ಕಾರು ಚೆನ್ನಾಗಿದೆ. ಹೊಟ್ಟೆ ಇನ್ನೂ ಹಿಂದಿನ ತಿರುವಲ್ಲೇ ಇದೆ" ಎಂದರು. ಪಕ್ಕದಲ್ಲಿದ್ದ ಶೋರೂಮಿನ ಹುಡುಗಿ ನಕ್ಕಳು.

ಆಮೇಲೆ ಮಾಡಿದ್ದನ್ನು ಇವರಿಗೂ ಮೊದಲೇ ಹೇಳಿರಲಿಲ್ಲ. ವಾಪಸ್ ತಿರುಗಿಸುವ ಜಾಗದಲ್ಲಿ ತಿರುಗಿಸಲಿಲ್ಲ, ನೇರ ಹೋದೆ. ಹುಡುಗಿ, "ಮೇಡಂ, ನಮ್ಮ ರೂಟು ಇದಲ್ಲ" ಎಂದಳು. "ನನ್ನ ರೂಟು ಇದೇಮ್ಮ, ಒಂದು ಐದು ನಿಮಿಷ" ಎಂದೆ. ಇವರಿಗೆ ಆಗ ಗೊತ್ತಾಯಿತು. ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು.

ಅಕ್ಕ, ಆ ಜಾಗಕ್ಕೆ ಹೋಗಿದ್ದೆ.

ಕಾಗದ ಮಡಿಚಿಡಬೇಡ. ಓದು.

ಅಲ್ಲಿ ಈಗಲೂ ಏನೂ ಇಲ್ಲ. ಒಂದು ಟೈರ್ ಅಂಗಡಿ, ಬಸ್ಸಿಗೆ ಕಾಯುವ ಕಲ್ಲುಬೆಂಚು. ಪಕ್ಕದ ರಸ್ತೆ ಇಳಿಜಾರಿನಲ್ಲಿ ಬಂದು ಸೇರುವ ಮೂಲೆಯಲ್ಲಿ ಅದೇ ಗೋದಾಮಿನ ಉದ್ದನೆಯ ಗೋಡೆ. ಇಪ್ಪತ್ತು ವರ್ಷದ ಮೇಲಾದರೂ ನಾನು ಆ ಮೂಲೆಯನ್ನು ಪಕ್ಕದ ಸೀಟಿನಿಂದ ಮಾತ್ರ ನೆನಪಿಟ್ಟುಕೊಂಡಿದ್ದೆ. ಈಗ ನಿನ್ನ ಸೀಟಿನಲ್ಲಿ ಕೂತು ನೋಡಿದೆ. ನಿಧಾನವಾಗಿ ಒಮ್ಮೆ ಹೋದೆ, ತಿರುಗಿಸಿಕೊಂಡು ಬಂದು ಅವತ್ತು ನೀನು ಹೋಗುತ್ತಿದ್ದ ವೇಗದಲ್ಲಿ ಇನ್ನೊಮ್ಮೆ ಹೋದೆ. ಗೋಡೆ ಮುಗಿಯುವವರೆಗೆ ಏನೂ ಕಾಣುವುದಿಲ್ಲ. ಗೋಡೆ ಮುಗಿಯುವ ಹೊತ್ತಿಗೆ ಮೂಲೆ ಮುಗಿದಿರುತ್ತದೆ. ಬ್ರೇಕ್ ಕಳೆದುಕೊಂಡು ಇಳಿದು ಬರುವ ಲಾರಿಯನ್ನು ಅಲ್ಲಿ ಯಾರೂ ಮೊದಲೇ ನೋಡಲಾರರು.

ಆಸ್ಪತ್ರೆಯಲ್ಲಿ ನಾನು ನಿದ್ದೆ ಹೋಗಿದ್ದೇನೆಂದುಕೊಂಡು ನೀನು ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತ್ತು. "ಬ್ರೇಕ್ ಒತ್ತಬಾರ್ದಿತ್ತಮ್ಮಾ. ಆಕ್ಸಿಲರೇಟರ್ ಒತ್ತಿದ್ರೆ ದಾಟಿಬಿಡ್ತಿದ್ವಿ" ಎಂದೆ. ನೀನು ಆ ಮಾತನ್ನು ಮತ್ತೆಂದೂ ಆಡಲಿಲ್ಲ, ಮತ್ತೆಂದೂ ಸ್ಟೀರಿಂಗ್ ಹಿಡಿಯಲಿಲ್ಲ. ಬದಲಿಗೆ ನನ್ನನ್ನು ಹೊತ್ತುಕೊಂಡೆ. ಬಸ್ಸಿನಲ್ಲಿ ನನಗೆ ಸೀಟು ಹಿಡಿದೆ, ಮೆಟ್ಟಿಲಿಲ್ಲದ ಮನೆ ಹುಡುಕಿದೆ, ನಾನು ಲೋಟ ಎತ್ತುವ ಮೊದಲೇ ನೀರು ತಂದೆ. ನಿನ್ನ ಋಣ ದೊಡ್ಡದು. ಆದರೆ ಅಕ್ಕ, ನೀನು ನೀರು ತಂದಾಗಲೆಲ್ಲ ಒಂದು ಕಾಲಿಲ್ಲದವಳನ್ನೇ ನೋಡುತ್ತಿದ್ದೆ. ನಾನು ಎದುರಿಗೇ ಇದ್ದೆ.

ಈಗ ಕೇಳು. ನಾನು ಆ ಮೂಲೆಯಲ್ಲಿ ಇಳಿದು ನಿಂತು, ಲಾರಿ ಎಲ್ಲಿಂದ ಬಂತು, ನಾವೆಲ್ಲಿ ನಿಂತೆವು ಎಂದು ಕಾಲಳತೆಯಲ್ಲಿ ನಡೆದು ನೋಡಿದೆ. ಅದು ನಮ್ಮ ಕಾರಿನ ಮುಂದಿನ ಚಕ್ರಕ್ಕೆ ಬಡಿಯಿತು. ನನ್ನ ಪಾದವಿದ್ದ ಜಾಗಕ್ಕೆ. ನೀನು ಬ್ರೇಕ್ ಒತ್ತಿದ್ದರಿಂದ ಅಲ್ಲಿಗೆ ಬಡಿಯಿತು. ನೀನು ಆಕ್ಸಿಲರೇಟರ್ ಒತ್ತಿದ್ದರೆ ಅಪ್ಪನ ಆ ಹಳೆಯ ಕಾರು ಎಷ್ಟು ಮುಂದೆ ಹೋಗುತ್ತಿತ್ತು? ಒಂದು ಬಾಗಿಲಿನಷ್ಟು. ಆ ಬಾಗಿಲಿನ ಹಿಂದೆ ನನ್ನ ಎದೆಯಿತ್ತು, ತಲೆಯಿತ್ತು. ನೀಲಿ ಕಾರಿನಿಂದಲೂ ಅವತ್ತು ದಾಟಲು ಆಗುತ್ತಿರಲಿಲ್ಲ. ನೀನು ನನ್ನ ಕಾಲು ಕಳೆಯಲಿಲ್ಲ ಕಣೇ. ಉಳಿದದ್ದನ್ನೆಲ್ಲ ಉಳಿಸಿದೆ.

ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ. ನಿನ್ನ ಕಣ್ಣೀರು ಒರೆಸುವಷ್ಟು ಒಳ್ಳೆಯ ಮೂಡಿನಲ್ಲಿ ನಾನಿಲ್ಲ. ಬಂದು ನಿನ್ನ ಕಣ್ಣಿಂದಲೇ ನೋಡು, ನನ್ನದು ತಪ್ಪಿದ್ದರೆ ಹೇಳು.

ಕಾರಿಗೆ ಮರಳುವಾಗ ಶೋರೂಮಿನ ಹುಡುಗಿ, "ಮೇಡಂ, ಹುಷಾರಾಗಿದ್ದೀರಾ?" ಎಂದಳು. "ಈ ಕಾರನ್ನೇ ಕೊಡಿ" ಎಂದೆ. ಅವಳಿಗೆ ಪ್ರಶ್ನೆಗೂ ಉತ್ತರಕ್ಕೂ ಇರುವ ಸಂಬಂಧ ತಿಳಿಯಲಿಲ್ಲ. ಇವರಿಗೆ ತಿಳಿಯಿತು. ಮುಖ ಆಚೆ ತಿರುಗಿಸಿ ಮತ್ತೆ ಕನ್ನಡಕ ಒರೆಸಿಕೊಂಡರು.

ಇನ್ನು ಮೇಲೆ ನಾನು ಜೋರಾಗಿ ಓಡಿಸುತ್ತೇನೆ, ಖಾಲಿ ರಸ್ತೆಯಲ್ಲಿ, ಕಾನೂನು ಬಿಟ್ಟಷ್ಟು. ಊರೊಳಗೆ ಮೆಲ್ಲಗೆ ಹೋಗುತ್ತೇನೆ. ಮೂಲೆ ಬಂದಾಗಲೆಲ್ಲ ಬ್ರೇಕಿನ ಮೇಲೆ ಪಾದವಿಡುತ್ತೇನೆ. ಯಾರಾದರೂ "ಪಾಪ" ಎಂದರೆ ಕಿಟಕಿ ಏರಿಸಿ ಮೂರನೇ ಗೇರಿಗೆ ಹಾಕುತ್ತೇನೆ. ನೀನು ಬೈದರೆ ಮಾತ್ರ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ. ಒಪ್ಪುವುದಿಲ್ಲ, ಕೇಳಿಸಿಕೊಳ್ಳುತ್ತೇನೆ.

ಶನಿವಾರ ಬೆಳಿಗ್ಗೆ ನಿಮ್ಮ ಮನೆ ಮುಂದೆ ಹಾರ್ನ್ ಕೇಳಿಸುತ್ತದೆ. ಬಾಗಿಲು ತೆಗೆಯದಿದ್ದರೆ ಬೀದಿಯವರೆಲ್ಲ ಹೊರಗೆ ಬರುವವರೆಗೂ ಒತ್ತುತ್ತೇನೆ. ನಿನ್ನ ಮರ್ಯಾದೆ ನಿನ್ನ ಕೈಯಲ್ಲಿ.

ಹಟಮಾರಿತನವನ್ನು ನಿನ್ನಿಂದಲೇ ಕಲಿತ,
ನಿನ್ನ ತಂಗಿ

ಮರೆತಿದ್ದೆ: ಕೆಂಪು ಕಾರಿನ ಕ್ಲಚ್ ಭಾರವೆಂದು ಬಿಟ್ಟೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಮೂರನೆಯ ಸಲಕ್ಕೆ ನನಗೆ ಅದು ಒಗ್ಗಿತ್ತು. ಅದರ ಸೀಟು ಮೇಲಕ್ಕೆ ಏರುವುದಿಲ್ಲ. ನಿನ್ನ ಎತ್ತರಕ್ಕೆ ಮುಂದಿನ ರಸ್ತೆ ಕಾಣುವುದಿಲ್ಲ. ನೀಲಿಯದು ಏರುತ್ತದೆ. ಭಾವನ ಮೇಲೆ ಸಿಟ್ಟಾಗಬೇಡ, ನಾನೇ ಬಾಯಿ ಬಿಡಿಸಿದೆ: ಇಷ್ಟು ವರ್ಷವೂ ಅವಧಿ ಮುಗಿದಾಗಲೆಲ್ಲ ನೀನು ಯಾರಿಗೂ ಹೇಳದೆ ಹೋಗಿ ನಿನ್ನ ಲೈಸೆನ್ಸನ್ನು ಹೊಸದು ಮಾಡಿಸಿಕೊಂಡು ಬರುತ್ತೀಯಂತೆ. ವಿಮೆಯಲ್ಲಿ ಓಡಿಸುವವರು ಇಬ್ಬರು ಎಂದು ಬರೆಸಿದ್ದೇನೆ. ಬರುವಾಗ ನಾನು ಓಡಿಸಿಕೊಂಡು ಬರುತ್ತೇನೆ. ಹೋಗುವಾಗ ನಾನು ಪಕ್ಕದ ಸೀಟಿನಲ್ಲಿ ಕೂರುತ್ತೇನೆ.